ನಾಲ್ಕು ನಿಮಿಷ ಮುಂದೆ

ನಿವೃತ್ತಿಯ ಹಾರ ಇನ್ನೂ ಪೂರ್ತಿ ಬಾಡಿರಲಿಲ್ಲ,
ಮೂರನೆಯ ದಿನ ಬೆಳಿಗ್ಗೆ ನೋಡುತ್ತೇನೆ
ವಾಚು ನಿಂತಿದೆ.
ಎರಡೂ ಹತ್ತಕ್ಕೆ. ಯಾವ ಎರಡೂ ಹತ್ತು,
ಹಗಲಿನದೋ ರಾತ್ರಿಯದೋ, ಅದೂ ತಿಳಿಯದು.

ಮೂವತ್ತಾರು ವರ್ಷ ಒಂದು ದಿನ ನಿಂತಿದ್ದಿಲ್ಲ.
ಬಿದ್ದಿದೆ, ಡೆಟಾಲಿನಲ್ಲಿ ಮಿಂದಿದೆ,
ಗಾಜು ಎರಡು ಸಲ ಬದಲಾಗಿದೆ,
ಹೆರಿಗೆ ವಾರ್ಡಿನ ಕಬ್ಬಿಣದ ಮಂಚಕ್ಕೆ ತಗುಲಿ
ಒಂಬತ್ತರ ಪಕ್ಕ ಒಂದು ಗೀರು.
ನಿಂತದ್ದು ಮಾತ್ರ ಈಗ,
ನಾನು ಕೂತ ಮೇಲೆ.

ವಿರಾಜಪೇಟೆಗೆ ಹೋದೆ. ಜೇನಿನ ಅಂಗಡಿ ದಾಟಿ
ಒಂದು ಬಾಗಿಲಷ್ಟೇ ಅಗಲದ ಗೂಡಿನಲ್ಲಿ ಮೊಯ್ದು
ಕಣ್ಣಿಗೆ ಗಾಜು ಸಿಕ್ಕಿಸಿ ಹಿಂದಿನ ಮುಚ್ಚಳ ತೆರೆದ.
ಒಳಗೆ ಅರ್ಧಚಂದ್ರದಂಥ ತಗಡು,
ಬೆರಳಲ್ಲಿ ದೂಡಿದ, ತೂಗಿತು.
"ಕೆಟ್ಟಿಲ್ಲ ಸಿಸ್ಟರ್. ಹಸಿದಿದೆ.
ಆಟೊಮ್ಯಾಟಿಕ್ ಅಂದರೆ ತಾನಾಗಿ ಓಡುವುದು ಅಂತ ಜನ ತಿಳಿದಿದ್ದಾರೆ.
ನಿಮ್ಮ ಕೈ ಓಡಿದರೆ ಅದು ಓಡುತ್ತದೆ, ಅಷ್ಟೆ.
ಮನೆಯಲ್ಲಿ ಈಗ ಏನು ಮಾಡುತ್ತಿದ್ದೀರಿ?"

ಏನು ಮಾಡುತ್ತಿದ್ದೇನೆ?
ಬೆಳಿಗ್ಗೆ ಎರಡು ಅಕ್ಕಿ ಒಟ್ಟಿ ತಟ್ಟುತ್ತೇನೆ,
ಮೂರನೆಯದು ಬೇಡ ಅನ್ನುತ್ತೇನೆ ನನಗೆ ನಾನೇ.
ಆಮೇಲೆ ಪೇಪರು. ಆಮೇಲೆ ಅದೇ ಪೇಪರಿನ ಹಿಂದಿನ ಪುಟ.
ಕೈಗಳು ಮಡಿಲಲ್ಲಿ, ಒಂದರ ಮೇಲೊಂದು,
ಯಾರೋ ಕಳಚಿಟ್ಟು ಹೋದ ಗ್ಲೌಸಿನ ಹಾಗೆ.
ಅವನಿಗೆ ಹೇಳಿದ್ದು: "ಹೀಗೇ. ರೆಸ್ಟು."

"ಇದಕ್ಕೆ ಕೀಯೂ ಕೊಡಬಹುದು, ಗೊತ್ತಿತ್ತಾ?"
ಇರಲಿಲ್ಲ. ಗೊತ್ತಾಗುವ ಪ್ರಮೇಯವೇ ಬಂದಿರಲಿಲ್ಲ.
"ಇಪ್ಪತ್ತು ಸುತ್ತು. ಹೊರಗೆ ಎಳೆಯಬೇಡಿ, ಇದ್ದಲ್ಲೇ."
ಹೆಬ್ಬೆರಳು, ತೋರುಬೆರಳು.
ಒಳಗೆ ಸಣ್ಣ ಕರಕರ, ಹಲ್ಲಿಗೆ ಕರಿಮೆಣಸು ಸಿಕ್ಕ ಹಾಗೆ.
ಏಳು, ಎಂಟು. ಹನ್ನೊಂದಕ್ಕೆ ಸೆಕೆಂಡಿನ ಮುಳ್ಳು
ಒಮ್ಮೆ ಕಂಪಿಸಿ, ಅನುಮಾನಿಸಿ
ಹೊರಟಿತು.
ಉಸಿರು ಬಿಟ್ಟೆ. ನನಗೆ ಗುರುತಿದ್ದ ಉಸಿರು ಅದು,
ಕೂಸು ಅತ್ತ ಮೇಲೆ ಬಿಡುವಂಥದ್ದು.

ಮೊಯ್ದು ಗೋಡೆ ನೋಡಿದ. "ಹನ್ನೊಂದೂ ಇಪ್ಪತ್ತು."
ಇಪ್ಪತ್ನಾಲ್ಕಕ್ಕೆ ಇಡು, ಎಂದೆ.

ಕೆಲಸಕ್ಕೆ ಸೇರಿದ ವಾರ ಬಿಟ್ಟಂಗಾಲದಲ್ಲಿ
ಏಳೂ ಕಾಲಿನ ಬಸ್ಸು ಕಣ್ಣೆದುರೇ ತಪ್ಪಿ
ಮ್ಯಾಟ್ರನ್ ಬಾಯಿಗೆ ಬಿದ್ದಿದ್ದೆ.
ಅಂದೇ ಮುಂದೆ ತಿರುಗಿಸಿದ್ದು, ನಾಲ್ಕು ನಿಮಿಷ.
ಹಿಂದಕ್ಕೆ ತರಲು ಮರೆತೆ ಅನ್ನುವುದು ಸುಳ್ಳು,
ಧೈರ್ಯ ಬರಲಿಲ್ಲ. ಅಷ್ಟರಲ್ಲಿ
ರಿಜಿಸ್ಟರಿನ ಮೂರು ಪುಟ ತುಂಬಿತ್ತು, ನನ್ನ ಹೊತ್ತಿನಿಂದ.

ಎಷ್ಟು ಜಾತಕ! ಪಾಲಿಬೆಟ್ಟದಿಂದ ಕಾಕೋಟುಪರಂಬಿನವರೆಗೆ
ಎಷ್ಟು ಲಗ್ನ ನನ್ನ ಬಸ್ಸಿನ ಭಯಕ್ಕೆ
ಒಂದು ಮನೆ ಆಚೆ ಸರಿದು ಕೂತಿವೆಯೋ.
ಕೂಡಿ ಬಂದ ಸಂಬಂಧಗಳು, ಕೂಡದೆ ಹೋದವು,
ಹುಡುಗಿಗೆ ಕುಜದೋಷವೆಂದು ಕಾಫಿ ಕುಡಿಯದೆ ಎದ್ದವರು...
ಮದುವೆ ಊಟಕ್ಕೆ ಹೋದಾಗಲೆಲ್ಲ
ವಾಚನ್ನು ಸೆರಗಿನಡಿ ಮುಚ್ಚಿಕೊಳ್ಳುತ್ತಿದ್ದೆ.

ಮೊಯ್ದು ನಕ್ಕ ನಗೆಗೆ ಕಣ್ಣಿನ ಗಾಜು ಕಳಚಿ ಬಿತ್ತು.
"ಸದ್ಯ, ನಮ್ಮಲ್ಲಿ ಜಾತಕ ಇಲ್ಲ!
ನಾನೂ ನಿಮ್ಮ ವಾರ್ಡಿನಲ್ಲೇ ಹುಟ್ಟಿದ್ದು, ನೋಂಬಿನ ತಿಂಗಳು.
ಸಂಜೆ ಬಾಂಗಿನ ಹೊತ್ತಿಗೇ ಅಂತ ಉಮ್ಮ,
ಬಾಂಗು ಮುಗಿದ ಮೇಲೆ ಅಂತ ನಿಮ್ಮ ಚೀಟಿ.
ಉಮ್ಮನದೇ ಸರಿ, ಹಾಗಾದರೆ."

ಒಂದನ್ನು ಅವನಿಗೆ ಹೇಳಲಿಲ್ಲ.
ಕಕ್ಕಡದ ಒಂದು ರಾತ್ರಿ, ಕರೆಂಟಿಲ್ಲ,
ಅಳದ ಕೂಸಿನ ಬೆನ್ನು ಉಜ್ಜಿದ್ದು, ಉಜ್ಜಿದ್ದು.
ಮುಳ್ಳು ನೋಡಲು ಬಿಡುವಾಗಲಿಲ್ಲ.
ಬೆಳಿಗ್ಗೆ ಆ ಕಾಲಂ ಖಾಲಿ ಬಿಟ್ಟೆ.
ಅದೊಂದಕ್ಕೇ ನನ್ನ ತಪ್ಪು ಹೊತ್ತು ಅಂಟಲಿಲ್ಲ.
ವಾಚು ಮಾತ್ರ, ಅಷ್ಟು ಉಜ್ಜಿದ್ದಕ್ಕೆ,
ಹೊಟ್ಟೆ ತುಂಬಿಸಿಕೊಂಡು ಓಡುತ್ತಿತ್ತು.

ಈಗ ದಿನಾ ಒಟ್ಟಿ ತಟ್ಟುವ ಮೊದಲು ಇಪ್ಪತ್ತು ಸುತ್ತು.
ಕೆಲವು ದಿನ ಹತ್ತೊಂಬತ್ತಕ್ಕೆ ನಿಲ್ಲಿಸಿ
ಉಳಿದ ಒಂದಕ್ಕೆ ಕೈ ಬೀಸಿಕೊಂಡು
ರಸ್ತೆಯವರೆಗೆ ನಡೆಯುತ್ತೇನೆ.
ಏಳೂ ಕಾಲಿನ ಬಸ್ಸು ಈಗ ಏಳೂವರೆಗೆ ಬರುತ್ತದೆ.
ಹತ್ತುವುದಿಲ್ಲ. ಕಂಡಕ್ಟರ್ ಹುಡುಗ ಕೈ ಎತ್ತುತ್ತಾನೆ.
ಅವನೂ ನನ್ನ ಹೊತ್ತಿನವನೇ ಇರಬೇಕು,
ವಿಚಾರಿಸಿಲ್ಲ.